ಹದಿನೈದೇ ದಿನಕ್ಕೆ ಬಂದ ಮರಿಗಳು

“ಗುರುಗಳೇ, ಹೊಟ್ಟೆಕಿಚ್ಚು ತನ್ನನ್ನೇ ಸುಡುತ್ತದೆ ಎಂದು ಮನುಷ್ಯನಿಗೆ ಗೊತ್ತು. ಗೊತ್ತಿದ್ದೂ ಅದನ್ನು ಯಾಕೆ ಬಿಡಲಾರ?”

ಶಿಷ್ಯ ಸಾಂಬಯ್ಯ ಹೀಗೆ ಕೇಳಿದಾಗ ಗುರುಗಳು ಊಟ ಮುಗಿಸಿ ಕಟ್ಟೆಯ ಮೇಲೆ ಕೂತಿದ್ದರು.

“ಯಾರ ಮೇಲೆ?” ಎಂದರು.

ಸಾಂಬಯ್ಯ ತಲೆ ತಗ್ಗಿಸಿದ. “ನಿನ್ನೆ ತತ್ವಪದ ಹಾಡಲು ನನ್ನನ್ನು ಬಿಟ್ಟು ಓಬಳಯ್ಯನನ್ನು ಕರೆದಿರಿ. ಅವನು ಹಾಡಿದ.”

“ಕೆಟ್ಟದಾಗಿ ಹಾಡಿದನೇ?”

“ಚೆನ್ನಾಗಿ ಹಾಡಿದ. ಅದೇ ಕಷ್ಟ.”

ಗುರುಗಳಿಗೆ ನಗು ಬಂತು. ಶಿಷ್ಯನನ್ನು ಹತ್ತಿರ ಕೂರಿಸಿಕೊಂಡರು. “ನಿನ್ನ ಪ್ರಶ್ನೆಗೆ ಶಾಸ್ತ್ರದಲ್ಲಿ ಉತ್ತರ ಇದ್ದೀತು. ನನಗೆ ಗೊತ್ತಿರುವುದು ಒಂದು ಕೋಳಿಮರಿಗಳ ಕತೆ. ಕೇಳು” ಎಂದು ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಹಗ್ಗ ಹೊಸೆಯುವವನಿದ್ದ. ಪಕ್ಕದ ಮನೆಯಲ್ಲಿ ಒಬ್ಬ ಕಂಬಳಿ ನೇಯುವವನಿದ್ದ. ಇಬ್ಬರಿಗೂ ಹೆಸರಿತ್ತು, ನಾನು ಹೇಳುವುದಿಲ್ಲ. ಹೇಳಿದರೆ ಆ ಹೆಸರಿನವರು ಎದುರಿಗೆ ಸಿಕ್ಕಾಗಲೆಲ್ಲ ನಿನಗೆ ನಗು ಬರುತ್ತದೆ. ಹಗ್ಗದವನು, ಕಂಬಳಿಯವನು ಎಂದರೆ ಸಾಕು. ಇಬ್ಬರ ನಡುವೆ ಒಂದು ಬೇಲಿ.

ಹಗ್ಗದವನಿಗೆ ಕಂಬಳಿಯವನ ಮೇಲೆ ಹೊಟ್ಟೆಕಿಚ್ಚು. ಕಾರಣ ಏನೆಂದು ಕೇಳಬೇಡ, ಕಾರಣ ದಿನಕ್ಕೊಂದು. ಇಬ್ಬರೂ ಸೇರಿ ಬೇಲಿಗೆ ಹೀರೆಯ ಬಳ್ಳಿ ಹಬ್ಬಿಸಿದರೆ ಅದು ಆ ಕಡೆಗೆ ವಾಲಿ ಕಾಯಿ ಬಿಟ್ಟಿತು. ದಾರಿಯಲ್ಲಿ ಹೋಗುವವರು ನೀರು ಬೇಕಾದಾಗ ಆ ಮನೆಯ ಬಾಗಿಲನ್ನೇ ತಟ್ಟಿದರು. ಕಂಬಳಿಯವನು ಹೀರೆಕಾಯಿ ಕಿತ್ತಾಗಲೆಲ್ಲ ಅರ್ಧವನ್ನು ಬೇಲಿಯ ಮೇಲಿಂದ ಕೊಡುತ್ತಿದ್ದ. ಹಗ್ಗದವನು ಅದನ್ನು ಪಲ್ಯ ಮಾಡಿಸಿ, ಎರಡು ಸಲ ಬಡಿಸಿಕೊಂಡು ತಿಂದು, ಕೈ ತೊಳೆಯುತ್ತ, “ಎಳೆಯದನ್ನು ತಾನಿಟ್ಟುಕೊಂಡು ಬಲಿತದ್ದನ್ನು ನಮಗೆ ಕೊಟ್ಟಿದ್ದಾನೆ” ಎನ್ನುತ್ತಿದ್ದ.

ಆದರೆ ಇವೆಲ್ಲ ಸಣ್ಣವು. ದೊಡ್ಡದು ಕೆಂಪಿ.

ಕೆಂಪಿ ಎಂದರೆ ಕಂಬಳಿಯವನ ಕೋಳಿ. ಎತ್ತರದ ಕಾಲು, ತಾಮ್ರದ ಬಣ್ಣ. ಅದು ಇಟ್ಟ ಮೊಟ್ಟೆಗಳಲ್ಲಿ ಒಂದೂ ಕೆಡುವುದಿಲ್ಲ, ಅದು ಮಾಡಿದ ಮರಿಗಳಲ್ಲಿ ಒಂದೂ ಸಾಯುವುದಿಲ್ಲ ಎಂದು ಊರಿನಲ್ಲಿ ಮಾತಿತ್ತು. ಪಕ್ಕದ ಊರಿನವರೂ ಮೊಟ್ಟೆ ಕೇಳಿಕೊಂಡು ಬರುತ್ತಿದ್ದರು. ಕಂಬಳಿಯವನು ಕೇಳಿದವರಿಗೆಲ್ಲ ಕೊಡುತ್ತಿದ್ದ. ಹಗ್ಗದವನು ಮಾತ್ರ ಕೇಳಲಿಲ್ಲ. ಕೇಳಿದ್ದರೆ ಕತೆ ಅವತ್ತೇ ಮುಗಿಯುತ್ತಿತ್ತು, ಇವತ್ತು ನಿನಗೆ ಹೇಳಲು ನನ್ನ ಬಳಿ ಏನೂ ಇರುತ್ತಿರಲಿಲ್ಲ.

ಒಂದು ಸೋಮವಾರ ಹಗ್ಗದವನ ಹೆಂಡತಿ ತಮ್ಮ ಬಿಳಿ ಕೋಳಿಯನ್ನು ಹನ್ನೊಂದು ಮೊಟ್ಟೆಗಳ ಮೇಲೆ ಕಾವಿಗೆ ಕೂರಿಸಿದಳು. ಆರು ದಿನ ಕಳೆದು, ಭಾನುವಾರ, ಕಂಬಳಿಯವನು ಕೆಂಪಿಯನ್ನು ಕೂರಿಸಿದ. ಅಲ್ಲಿಯೂ ಹನ್ನೊಂದು. ಮೊಟ್ಟೆಗಳು ಬೆಸ ಸಂಖ್ಯೆಯಲ್ಲಿರಬೇಕು ಎಂಬುದು ಆ ಊರಿನ ರೂಢಿ. ಮರಿ ಹೊರಬರಲು ಇಪ್ಪತ್ತೊಂದು ದಿನ ಬೇಕು, ಅದು ಎಲ್ಲ ಊರಿನ ರೂಢಿ.

ಒಂದೊಂದು ಮನೆಗೆ ಒಂದೊಂದು ಪದ್ಧತಿ ಇರುತ್ತದೆ. ಕಂಬಳಿಯವನು ಕಾವಿಗೆ ಇಟ್ಟ ಪ್ರತಿ ಮೊಟ್ಟೆಗೂ ಇದ್ದಿಲಿನಿಂದ ಒಂದು ಗೀಟು ಎಳೆಯುತ್ತಿದ್ದ. ಬೇರೆ ಕೋಳಿ ಬಂದು ಅದೇ ಬುಟ್ಟಿಯಲ್ಲಿ ಹೊಸ ಮೊಟ್ಟೆ ಇಟ್ಟು ಹೋದರೆ ಗೊತ್ತಾಗಬೇಕಲ್ಲ, ಅದಕ್ಕೆ. ಹಗ್ಗದವನ ಹೆಂಡತಿ ಗೀಟು ಎಳೆಯುತ್ತಿರಲಿಲ್ಲ. ಅವಳು ಒಂದು ಹುರಿಯನ್ನು ಗೂಟಕ್ಕೆ ನೇತುಹಾಕಿ ದಿನಕ್ಕೊಂದು ಗಂಟು ಹಾಕುತ್ತಿದ್ದಳು. ಹಗ್ಗದವರ ಮನೆಯಲ್ಲಿ ಹುರಿಗೆ ಏನು ಬರ!

ಹುರಿಗೆ ಹದಿನೈದನೆಯ ಗಂಟು ಬಿದ್ದ ದಿನ ಕಂಬಳಿಯವನು ಬೇಲಿಯ ಹತ್ತಿರ ಬಂದ.

“ತಮ್ಮಾ, ತಂಗಿಯ ಮಗಳ ಮದುವೆ. ಮನೆಮಂದಿಯೆಲ್ಲ ಹೊರಟಿದ್ದೇವೆ. ಹತ್ತು ದಿನ ನಮ್ಮ ಮನೆ ನೋಡಿಕೊಳ್ಳುತ್ತೀಯಾ?”

“ಊರಲ್ಲಿ ಬೇರೆ ಯಾರೂ ಸಿಗಲಿಲ್ಲವೇ ಅಣ್ಣ?”

“ಸಿಗುತ್ತಾರೆ. ಬೀಗದ ಕೈ ಕೊಡಲು ನಿನ್ನ ಹೊರತು ಯಾರೂ ಇಲ್ಲ.”

ಬೀಗದ ಕೈ ಕೊಟ್ಟ. ಒಳಗೆ ಕರೆದುಕೊಂಡು ಹೋಗಿ ಮೂಲೆಯಲ್ಲಿದ್ದ ಬುಟ್ಟಿ ತೋರಿಸಿದ. “ಕೆಂಪಿ ದಿನಕ್ಕೊಂದು ಸಲ ಕೆಳಗಿಳಿಯುತ್ತಾಳೆ. ಕಾಳು ತಿಂದು, ನೀರು ಕುಡಿದು, ಮೈ ಕೊಡವಿಕೊಂಡು ಹತ್ತುತ್ತಾಳೆ. ಅಷ್ಟು ಹೊತ್ತು ನಾಯಿ ಬಾರದ ಹಾಗೆ ನಿಂತುಕೊಂಡಿರು, ಸಾಕು. ಮರಿ ಬರಲು ಇನ್ನೂ ಹನ್ನೆರಡು ದಿನ ಇದೆ. ಅಷ್ಟರಲ್ಲಿ ನಾನು ಬಂದಿರುತ್ತೇನೆ. ನಿನಗೆ ಅದರ ತಾಪತ್ರಯ ಇಲ್ಲ.”

ಹಗ್ಗದವನು ಕತ್ತಾಳೆಯ ನಾರಿನ ಕಟ್ಟು ತಂದು ಆ ಮನೆಯ ಜಗಲಿಯಲ್ಲೇ ಹಗ್ಗ ಹೊಸೆಯುತ್ತ ಕೂತ. ಪರರ ಮನೆಯಲ್ಲಿ ಒಬ್ಬನೇ ಕೂತರೆ ಕಣ್ಣು ಸುಮ್ಮನಿರುವುದಿಲ್ಲ. ಒಲೆ ತನ್ನ ಮನೆಯ ಒಲೆಗಿಂತ ಸಲೀಸಾಗಿ ಹೊತ್ತಿಕೊಳ್ಳುತ್ತದೆ ಅನ್ನಿಸಿತು. ನೀರು ತನ್ನ ಮನೆಯ ಗಡಿಗೆಯ ನೀರಿಗಿಂತ ತಣ್ಣಗಿದೆ ಅನ್ನಿಸಿತು. ಒಂದೇ ಬಾವಿಯ ನೀರು ಎಂಬುದು ಅವನಿಗೆ ಮರೆತಿತ್ತು.

ಮರುದಿನ ಕೆಂಪಿ ಕೆಳಗಿಳಿದಾಗ ಬುಟ್ಟಿಯೊಳಗೆ ಬಗ್ಗಿ ನೋಡಿದ. ಹನ್ನೊಂದು ಮೊಟ್ಟೆ. ತನ್ನ ಮನೆಯವಕ್ಕಿಂತ ದಪ್ಪ, ಸ್ವಲ್ಪ ಕೆಂಪು ಅನ್ನಿಸಿತು. ನೋಡುತ್ತ ನಿಂತ. ತನ್ನ ಮನೆಯಲ್ಲೂ ಹನ್ನೊಂದು ಇವೆ ಎಂಬುದು ನೆನಪಾಯಿತು.

ಇನ್ನು ನಾನು ಹೇಳಬೇಕಾದದ್ದು ಏನಿದೆ! ಹೆಂಡತಿ ಬಾವಿಗೆ ಹೋದ ಹೊತ್ತು ನೋಡಿ ತನ್ನ ಮನೆಯ ಮೊಟ್ಟೆಗಳನ್ನು ಟವೆಲಿನಲ್ಲಿ ಕಟ್ಟಿಕೊಂಡು ಬಂದ. ಕೆಂಪಿಯ ಮೊಟ್ಟೆಗಳನ್ನು ಅದೇ ಟವೆಲಿನಲ್ಲಿ ಕಟ್ಟಿಕೊಂಡು ಹೋದ. ಬಿಳಿ ಕೋಳಿ ಅವನ ಕೈಗೆ ಎರಡು ಸಲ ಕುಕ್ಕಿತು. ಕೆಂಪಿ ಒಂದು ಸಲವೂ ಕುಕ್ಕಲಿಲ್ಲ, ಬಂದು ಕೂತಿತು. ‘ಕೋಳಿ ಕೂಡ ಅವನ ಮನೆಯದೇ ಸಾಧು’ ಎಂದು ಅದಕ್ಕೂ ಅವನಿಗೆ ಸಂಕಟವಾಯಿತು.

ಅವನು ದಡ್ಡನಲ್ಲ. ಕೆಂಪಿಯ ಮೊಟ್ಟೆಗಳ ಮೇಲಿದ್ದ ಗೀಟನ್ನು ಒದ್ದೆ ಬಟ್ಟೆಯಿಂದ ಒರೆಸಿದ. ತನ್ನ ಮೊಟ್ಟೆಗಳಿಗೆ ಇದ್ದಿಲಿನಿಂದ ಗೀಟು ಎಳೆದ. ಕಂಬಳಿಯವನ ಕೈ ಎಡಕ್ಕೆ ಓರೆಯಾಗಿ ಎಳೆಯುತ್ತದೆ ಎಂದು ಗಮನಿಸಿ ತಾನೂ ಓರೆಯಾಗಿಯೇ ಎಳೆದ. ಎಂಥ ಜಾಣ ನೋಡು! ಗೀಟಿನ ಓರೆ ನೆನಪಿತ್ತು, ದಿನ ನೆನಪಿರಲಿಲ್ಲ. ತನ್ನ ಮೊಟ್ಟೆಗಳು ಕಾವಿಗೆ ಬಿದ್ದು ಹದಿನಾರು ದಿನ, ಕಂಬಳಿಯವನವು ಬಿದ್ದು ಹತ್ತೇ ದಿನ. ಆ ಆರು ದಿನದ ವ್ಯತ್ಯಾಸ ಆ ಬುದ್ಧಿವಂತನ ತಲೆಗೆ ಹೊಳೆಯಲೇ ಇಲ್ಲ.

ಅಲ್ಲಿಂದ ಅವನಿಗೆ ಒಂದೇ ಯೋಚನೆ. ತನ್ನ ಮನೆಯ ಬುಟ್ಟಿಯಲ್ಲಿ ಕೆಂಪಿಯ ಮರಿಗಳು ಬೆಳೆಯುತ್ತಿವೆ. ಹಗ್ಗಕ್ಕೆ ನಾಲ್ಕು ಸುತ್ತು ಹೊಸೆದರೆ ಎದ್ದು ಹೋಗಿ ಒಂದು ಸಲ ನೋಡಿ ಬರುತ್ತಿದ್ದ. ಹೆಂಡತಿ, “ಇಷ್ಟು ವರ್ಷ ಕೋಳಿ ಎಲ್ಲಿದೆ ಎಂದು ಕೇಳಿದವನಲ್ಲ. ಈಗೇನು, ನೀನೇ ಕಾವು ಕೊಡುವ ಹಾಗಿದೆ” ಎಂದಳು.

ಐದನೆಯ ದಿನ ಕೆಂಪಿ ಕಾಳಿಗೆಂದು ಅಂಗಳಕ್ಕೆ ಇಳಿಯಿತು. ಹಗ್ಗದವನು ನಿಂತುಕೊಂಡಿರಬೇಕಿತ್ತು. ಅವನು ತನ್ನ ಮನೆಯ ಬುಟ್ಟಿ ನೋಡಲು ಹೋಗಿದ್ದ. ಬಂದು ನೋಡಿದರೆ ಅಂಗಳದಲ್ಲಿ ತಾಮ್ರದ ಬಣ್ಣದ ಪುಕ್ಕಗಳು. ನಾಯಿ ಬೀದಿಯ ತಿರುವು ದಾಟಿತ್ತು.

ಮೊದಲು ಅವನಿಗೆ ಭಯವಾಯಿತು. ಆಮೇಲೆ, ನಿಜ ಹೇಳಬೇಕೆಂದರೆ, ಒಂದು ತುಣುಕು ಸಮಾಧಾನವೂ ಆಯಿತು. ಇನ್ನು ಕೆಂಪಿಯ ಸಂತಾನ ಎಂಬುದು ತನ್ನ ಮನೆಯಲ್ಲಿ ಮಾತ್ರ. ಹೊಟ್ಟೆಕಿಚ್ಚಿಗೆ ಇಂಥ ಹೊತ್ತಿನಲ್ಲೂ ಲಾಭ ಕಾಣುತ್ತದೆ.

ಒಳಗೆ ಬುಟ್ಟಿಯಲ್ಲಿ ಹನ್ನೊಂದು ಮೊಟ್ಟೆಗಳು ತಣ್ಣಗಾಗುತ್ತಿದ್ದವು. ಬಿಳಿ ಕೋಳಿಯನ್ನು ತಂದು ಕೂರಿಸಬಹುದಿತ್ತು. ಆದರೆ ತಂದರೆ ಅಲ್ಲಿ ಕೆಂಪಿಯ ಮೊಟ್ಟೆಗಳು ಕೆಡುತ್ತವೆ. ಇವು ಕೆಟ್ಟರೆ ಏನು, ತನ್ನ ಮನೆಯ ಸಾಧಾರಣ ಮೊಟ್ಟೆಗಳು ತಾನೇ ಎಂದುಕೊಂಡ. ಬುಟ್ಟಿಯನ್ನು ಹಾಗೆಯೇ ಬಿಟ್ಟು ಜಗಲಿಗೆ ಬಂದು ಹಗ್ಗ ಹಿಡಿದ.

ಆಗ ಒಳಗಿನಿಂದ ಒಂದು ದನಿ ಬಂತು. ಚಿಂವ್ ಎಂದಿತು, ನಿಂತಿತು.

ಎದ್ದು ಹೋಗಿ ನೋಡಿದ. ಯಾವ ಮೊಟ್ಟೆಯೂ ಒಡೆದಿರಲಿಲ್ಲ. ಒಂದನ್ನು ಎತ್ತಿ ಕಿವಿಗೆ ಹಿಡಿದ. ಒಳಗೆ ಯಾರೋ ಗೋಡೆ ಕೆರೆಯುತ್ತಿದ್ದರು. ಮತ್ತೊಮ್ಮೆ ಚಿಂವ್ ಎಂದಿತು, ಕಿವಿಯೊಳಗೇ ಎಂದ ಹಾಗೆ. ಇದೇನು, ಇನ್ನೂ ದಿನಗಳಿವೆಯಲ್ಲ ಎಂದುಕೊಂಡ. ಬೆರಳು ಮಡಚಿ ಎಣಿಸಿದ. ತನ್ನ ಮನೆಯ ಸೋಮವಾರದಿಂದ ಎಣಿಸಿದ. ನಾಳೆಗೆ ಇಪ್ಪತ್ತೊಂದು.

ಅವನಿಗೆ ಎಲ್ಲವೂ ಒಟ್ಟಿಗೆ ಹೊಳೆಯಿತು. ಇಲ್ಲಿ ನಾಳೆ ಮರಿಗಳು ಬರುತ್ತವೆ, ತಾಯಿ ಇಲ್ಲ. ಅಲ್ಲಿ ನಾಳೆ ಮರಿಗಳು ಬರುವುದಿಲ್ಲ, ಹೆಂಡತಿ ಕಾಯುತ್ತಿದ್ದಾಳೆ.

ಆ ಮೊಟ್ಟೆಯನ್ನು ಕೆಳಗಿಡಲು ಅವನಿಂದ ಆಗಲಿಲ್ಲ. ಕೈಯಲ್ಲಿ ಕೂಗುತ್ತಿರುವುದನ್ನು ತಣ್ಣಗೆ ಮಾಡುವಷ್ಟು ಕೆಟ್ಟವನಲ್ಲ ಅವನು. ಅಷ್ಟು ಕೆಟ್ಟವನಾಗಿದ್ದರೆ ಅವನ ಕತೆ ನಿನಗೆ ಹೇಳುತ್ತಿರಲಿಲ್ಲ. ಕಂಬಳಿಯವನ ಕಂಬಳಿಯೊಂದನ್ನು ತೆಗೆದು ಬುಟ್ಟಿಗೆ ಹಾಸಿದ. ಒಲೆ ಹೊತ್ತಿಸಿದ. ಬಿಸಿನೀರಿನ ತಂಬಿಗೆಗೆ ಬಟ್ಟೆ ಸುತ್ತಿ ಮೊಟ್ಟೆಗಳ ನಡುವೆ ಇಟ್ಟ. ನೀರು ಆರಿದಾಗಲೆಲ್ಲ ಬದಲಿಸಿದ. ಮೊಟ್ಟೆಗೆ ಎಷ್ಟು ಕಾವು ಬೇಕೆಂದು ಗೊತ್ತಿರಲಿಲ್ಲ, ತನ್ನ ಕೆನ್ನೆಗೆ ಒತ್ತಿ ನೋಡಿಕೊಂಡ.

ಮರುದಿನ ಒಂಬತ್ತು ಮರಿಗಳು ಹೊರಬಂದವು. ಎರಡು ಮೊಟ್ಟೆ ಒಡೆಯಲಿಲ್ಲ. ಒಂಬತ್ತರಲ್ಲಿ ಕೊನೆಯದು ಅರ್ಧ ಚಿಪ್ಪು ಒಡೆದು ಸುಸ್ತಾಗಿ ಬಿದ್ದಿತ್ತು, ಒಂದು ಕಾಲಿನ ಬೆರಳು ಸೊಟ್ಟ. ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡು ಬಾಯಿಯ ಉಸಿರು ಬಿಟ್ಟು ಬಿಟ್ಟು ಒಣಗಿಸಿದ.

ಊರಿಗೆ ಸುದ್ದಿ ಹೋಯಿತು. ಹೋದದ್ದು ಹೇಗೆ ಗೊತ್ತೇ? “ಕಂಬಳಿಯವನ ಕೋಳಿ ಹದಿನೈದೇ ದಿನಕ್ಕೆ ಮರಿ ಮಾಡಿದೆ!” ಭಾನುವಾರ ಕೂರಿಸಿದ್ದು ಎಲ್ಲರಿಗೂ ಗೊತ್ತಿತ್ತು. ಹದಿನೈದು ದಿನಕ್ಕೆ ಮರಿ ಬರುವುದಿಲ್ಲ ಎಂಬುದೂ ಎಲ್ಲರಿಗೂ ಗೊತ್ತಿತ್ತು. ಆದರೆ ಅನುಮಾನಕ್ಕಿಂತ ಅಚ್ಚರಿ ಜನಕ್ಕೆ ರುಚಿ. ಗುಂಪು ಕಟ್ಟಿಕೊಂಡು ನೋಡಲು ಬಂದರು. “ಸಾಯುವ ಮುಂಚೆ ತನ್ನ ಕೆಲಸ ಬೇಗ ಮುಗಿಸಿ ಹೋಯಿತು, ಪುಣ್ಯಾತ್ಗಿತ್ತಿ” ಎಂದಳು ಒಬ್ಬ ಅಜ್ಜಿ. “ಆ ಮನೆಯ ನೆಲವೇ ಅಂಥದ್ದು” ಎಂದ ಒಬ್ಬ. ಹಗ್ಗದವನು ಒಲೆಯ ಮುಂದೆ ಬುಟ್ಟಿ ಹಿಡಿದುಕೊಂಡು ಕೂತು ಎಲ್ಲ ಕೇಳಿಸಿಕೊಂಡ. ತನ್ನ ಮೊಟ್ಟೆ, ತನ್ನ ಆರೈಕೆ, ತನ್ನ ಉಸಿರು. ಹೆಸರು ಮಾತ್ರ ಮದುವೆಯೂಟ ಮಾಡುತ್ತ ಕೂತವನದು. ಅವನ ಹೊಟ್ಟೆ ಅವತ್ತು ಉರಿದ ಹಾಗೆ ಹಿಂದೆ ಎಂದೂ ಉರಿದಿರಲಿಲ್ಲ.

ಬೇಲಿಯ ಆಚೆಯಿಂದ ಹೆಂಡತಿ ಕೂಗಿದಳು. “ಇವತ್ತಿಗೆ ಇಪ್ಪತ್ತೊಂದು ಗಂಟು. ನಮ್ಮ ಬುಟ್ಟಿಯಲ್ಲಿ ಒಂದಕ್ಕೂ ಬಿರುಕಿಲ್ಲ.”

“ಇನ್ನೊಂದು ಆರು ದಿನ ಬಿಡು.”

“ಆರು ದಿನವೇ! ಇಪ್ಪತ್ತೊಂದಕ್ಕೆ ಬಾರದ ಮರಿ ಇಪ್ಪತ್ತೇಳಕ್ಕೆ ಬರುತ್ತದೆಯೇ? ಯಾರು ಹೇಳಿದರು ನಿನಗೆ?”

“ಬಿಡು ಅಂದರೆ ಬಿಡು” ಎಂದ.

“ಹ್ಞೂಂ, ಬಿಡುತ್ತೇನೆ. ಅವರ ಮನೆಯದು ಹದಿನೈದಕ್ಕೆ, ನಮ್ಮ ಮನೆಯದು ಇಪ್ಪತ್ತೇಳಕ್ಕೆ. ಚೆನ್ನಾಗಿದೆ ನಮ್ಮ ಹಣೆಬರಹ.”

ಅವಳು ಎರಡು ದಿನ ಕಾದಳು. ಅವನು ಹೋಗಿ ನೋಡಲಿಲ್ಲ. ಹೋಗಲು ಬಿಡುವಿರಲಿಲ್ಲ. ತಾಯಿಯಿಲ್ಲದ ಮರಿಗೆ ತಿನ್ನುವುದು ಹೇಗೆಂದು ಗೊತ್ತಿರುವುದಿಲ್ಲ. ತಾಯಿ ಕೊಕ್ಕಿನಿಂದ ನೆಲ ಕುಟ್ಟಿ ತೋರಿಸಬೇಕು. ಅವನು ಬೆರಳಿನಿಂದ ಕುಟ್ಟಿ ತೋರಿಸಿದ. ನವಣೆಯ ನುಚ್ಚು ಚೆಲ್ಲಿ ಕೊಕ್ ಕೊಕ್ ಎಂದು ದನಿ ಮಾಡಿದ. ಬೆರಳ ತುದಿ ನೀರಿಗೆ ಅದ್ದಿ ಒಂದೊಂದರ ಕೊಕ್ಕಿಗೂ ತೋರಿಸಿದ. ಮಡಕೆಗೆ ಸಗಣಿ ತುಂಬಿ ನೆಲದ ಮೇಲೆ ಬೋರಲು ಹಾಕಿ, ಗೆದ್ದಲು ಹತ್ತಿಸಿ, ಮಡಕೆ ಕೊಡವಿ ತಿನ್ನಿಸಿದ. ಅವನು ಎದ್ದರೆ ಒಂಬತ್ತೂ ಎದ್ದವು. ಅವನು ನಡೆದರೆ ಒಂಬತ್ತೂ ಹಿಮ್ಮಡಿಗೆ ಅಂಟಿಕೊಂಡು ನಡೆದವು. ತುಳಿದುಬಿಟ್ಟೇನು ಎಂಬ ಭಯಕ್ಕೆ ಅವನು ಕಾಲೆತ್ತದೆ, ನೆಲಕ್ಕೆ ಪಾದ ಉಜ್ಜಿಕೊಂಡು ನಡೆಯುವುದನ್ನು ಕಲಿತ.

“ಏನಪ್ಪಾ, ಬಾಣಂತನ ಹೇಗೆ ಸಾಗಿದೆ? ಖಾರ ತಿನ್ನುತ್ತಿದ್ದೀಯೋ ಇಲ್ಲವೋ?” ಎಂದು ದಾರಿಯಲ್ಲಿ ಹೋಗುವವರು ಕೂಗುತ್ತಿದ್ದರು.

ಅವನಿಗೆ ಕೋಪ ಬರಲಿಲ್ಲ. ಯಾರಾದರೂ ಬಗ್ಗಿ ಒಂದು ಮರಿಯನ್ನು ಎತ್ತಿಕೊಂಡರೆ ಮಾತ್ರ ಕೋಪ ಬರುತ್ತಿತ್ತು. “ಇಡು, ಇಡು, ಕೈಯ ಬಿಸಿ ಹತ್ತುತ್ತದೆ” ಎಂದು ಕಸಿದುಕೊಳ್ಳುತ್ತಿದ್ದ. ಆ ಮರಿ ಎತ್ತಿದವರ ಕೈಯಲ್ಲಿ ಸುಮ್ಮನೆ ಕೂತಿದ್ದರೆ ಇನ್ನೂ ಹೆಚ್ಚು ಕೋಪ.

ಮೂರನೆಯ ದಿನ, ಹುರಿಗೆ ಇಪ್ಪತ್ಮೂರನೆಯ ಗಂಟು ಬಿದ್ದ ದಿನ, ಹೆಂಡತಿ ಬೇಲಿಯ ಹತ್ತಿರ ಬಂದು ನಿಂತಳು. ಕೂಗಲಿಲ್ಲ. ಅವಳ ಮುಖ ನೋಡಿ ಇವನೇ ಎದ್ದು ಹೋದ.

“ಕೆಟ್ಟುಹೋಗಿವೆ ಅಂದುಕೊಂಡೆ” ಎಂದಳು. “ತಿಪ್ಪೆಗೆ ಹಾಕಿದೆ. ಕೋಳಿಯ ಕಾವು ಬಿಡಲಿ ಎಂದು ಅದನ್ನು ನೀರಿನಲ್ಲಿ ಮುಳುಗಿಸಿದೆ. ಆಮೇಲೆ ನೋಡುತ್ತೇನೆ, ತಿಪ್ಪೆಯ ಮೇಲೆ ಮೊಟ್ಟೆ ಒಡೆದಿದೆ. ಒಳಗೆ ಮರಿ ಇತ್ತು. ಮೈಮೇಲೆ ತುಪ್ಪಳ ಬಂದಿತ್ತು. ಹನ್ನೊಂದರಲ್ಲೂ ಇತ್ತೋ ಏನೋ. ನನಗೆ ನೋಡಲಾಗಲಿಲ್ಲ.”

ಅವನು ತಿಪ್ಪೆಯ ಕಡೆ ನೋಡಿದ.

“ನಾನು ಲೆಕ್ಕ ತಪ್ಪಲಿಲ್ಲ. ನೋಡು, ನೀನೇ ಎಣಿಸು” ಎಂದು ಹುರಿಯನ್ನು ಬೇಲಿಯ ಮೇಲಿಂದ ಕೊಟ್ಟಳು.

ಅವನು ಎಣಿಸಿದ. ಇಪ್ಪತ್ಮೂರು ಸರಿಯಾಗಿತ್ತು. “ಎಲ್ಲೋ ಎರಡೆರಡು ಗಂಟು ಬಿದ್ದಿರಬೇಕು, ಬಿಡು” ಎಂದ. ಅವಳು ಅದನ್ನು ನಂಬಿದಳು. ತನ್ನ ಕೈಯಿಂದ ಹನ್ನೊಂದು ಜೀವ ಹೋಯಿತು ಎಂದು ಅವತ್ತು ಅವಳು ಊಟ ಮಾಡಲಿಲ್ಲ. ಅವನು ಊಟ ಮಾಡಿದನೋ ಇಲ್ಲವೋ ನನಗೆ ಗೊತ್ತಿಲ್ಲ. ಮರಿಗಳಿಗಂತೂ ನುಚ್ಚು ಹಾಕಿದ.

ಈಗ ನೋಡು, ಅವನ ಬಳಿ ಉಳಿದದ್ದು ಈ ಒಂಬತ್ತು. ಇವು ಅವನವೇ. ಅವನ ಕೋಳಿಯ ಮೊಟ್ಟೆಯಿಂದ, ಅವನ ಕೈಯ ಕಾವಿನಿಂದ ಬಂದವು. ಇವು ಬೇರೆ ಯಾರವೂ ಅಲ್ಲ ಎಂದು ಅವನು ಯಾವ ದೇವರ ಮುಂದೆ ಬೇಕಾದರೂ ಪ್ರಮಾಣ ಮಾಡಬಲ್ಲ. ಆದರೆ ಊರಿನ ಮುಂದೆ ಒಂದು ಮಾತು ಆಡಲಾರ. ಎರಡು ದಿನಕ್ಕೆ ಕಂಬಳಿಯವನು ಬರುತ್ತಾನೆ.

ಹೇಳಿದ ದಿನಕ್ಕೆ ಸರಿಯಾಗಿ ಬಂದ. ದಾರಿಯಲ್ಲೇ ಅವನಿಗೆ ಎರಡು ಸುದ್ದಿಯೂ ಸಿಕ್ಕಿದ್ದವು. ಅಂಗಳಕ್ಕೆ ಕಾಲಿಟ್ಟಾಗ ಹಗ್ಗದವನು ಮಂಡಿಯೂರಿ ನೆಲ ಕುಟ್ಟುತ್ತಿದ್ದ, ಸುತ್ತ ಒಂಬತ್ತು ಮರಿಗಳು.

“ಕೆಂಪಿ ಹೋಯಿತಂತೆ” ಎಂದ ಕಂಬಳಿಯವನು.

“ನಾನು ಒಂದು ಗಳಿಗೆ ಮನೆಗೆ ಹೋಗಿದ್ದೆ ಅಣ್ಣ.”

ಕಂಬಳಿಯವನು ಖಾಲಿ ಬುಟ್ಟಿಯ ಕಡೆ ಸ್ವಲ್ಪ ಹೊತ್ತು ನೋಡಿದ. “ಹೋಗಲಿ. ನೀನೇನು ಬೇಕೆಂದು ಮಾಡಿದೆಯಾ? ನೀನಿರದಿದ್ದರೆ ಇವೂ ಉಳಿಯುತ್ತಿರಲಿಲ್ಲ” ಎಂದ. ಕೂತು, ಕೈ ಚಾಚಿ, ಬಾ ಬಾ ಎಂದು ಕರೆದ. ಮರಿಗಳು ಓಡಿಹೋಗಿ ಹಗ್ಗದವನ ಪಂಚೆಯ ಹಿಂದೆ ಅಡಗಿಕೊಂಡವು. ಕಂಬಳಿಯವನು ಜೋರಾಗಿ ನಕ್ಕ. “ಅರೆ! ನನ್ನ ಮನೆಗೆ ನಾನೇ ಹೊರಗಿನವನಾದೆನಲ್ಲೋ ತಮ್ಮಾ!”

ಆ ನಗುವಿನಲ್ಲಿ ಹೊಟ್ಟೆಕಿಚ್ಚಿನ ಎಳೆಯೊಂದು ಸಿಗಬಹುದೇ ಎಂದು ಹಗ್ಗದವನು ಹುಡುಕಿದ. ಸಿಗಲಿಲ್ಲ. ಸಿಕ್ಕಿದ್ದರೆ ಅವನಿಗೆ ಎಷ್ಟು ಹಿತವಾಗುತ್ತಿತ್ತು!

ಅಷ್ಟರಲ್ಲಿ ಹೆಂಡತಿ ಬೇಲಿಯಿಂದ, “ಭಾವಾ, ನಮ್ಮ ಮನೆಯ ಮೊಟ್ಟೆಗಳನ್ನು ನಾನೇ ಕೈಯಾರೆ ಹಾಳುಮಾಡಿದೆ” ಎಂದು ನಡೆದದ್ದನ್ನು ಹೇಳಿಕೊಂಡಳು. ಕಂಬಳಿಯವನು ಲೊಚಗುಟ್ಟಿದ. ಹಗ್ಗದವನ ಕಡೆ ತಿರುಗಿದ.

“ತಮ್ಮಾ, ಇವನ್ನು ಸಾಕಿದವನು ನೀನು. ನಿಮ್ಮದು ಬೇರೆ ಹೋಯಿತು. ಇದರಲ್ಲಿ ಎರಡು ನೀನಿಟ್ಟುಕೋ. ನ್ಯಾಯವಾಗಿ ಇನ್ನೂ ಕೊಡಬೇಕು, ಆದರೆ ಕೆಂಪಿಯೇ ಇಲ್ಲವಲ್ಲ, ಮೊಟ್ಟೆ ಕೇಳಿಕೊಂಡು ಬರುವವರಿಗೆ ಇನ್ನು ಇವೇ ಗತಿ. ನಿನಗೆ ಮನಸ್ಸು ಬಂದದ್ದನ್ನು ಆರಿಸಿಕೋ. ಕೆಂಪಿಯ ಸಂತಾನ ನಿನ್ನ ಅಂಗಳದಲ್ಲೂ ಓಡಾಡಲಿ.”

ಹಗ್ಗದವನಿಗೆ ಮಾತು ತುಟಿಯ ತನಕ ಬಂತು. ಇವು ಕೆಂಪಿಯ ಸಂತಾನ ಅಲ್ಲ, ಒಂಬತ್ತೂ ನನ್ನವು. ಅಷ್ಟೇ ಮಾತು. ಬೇಲಿಯ ಆಚೆ ಹೆಂಡತಿ ನಿಂತಿದ್ದಳು. ಎದುರಿಗೆ ಕಂಬಳಿಯವನು ಕೈ ಕಟ್ಟಿಕೊಂಡು ಕಾಯುತ್ತಿದ್ದ, ಆರಿಸಿಕೊಳ್ಳಲು ಇವನಿಗೆ ನಾಚಿಕೆ ಎಂದುಕೊಂಡು ಮುಗುಳ್ನಗುತ್ತಿದ್ದ.

ಹಗ್ಗದವನು ಬಗ್ಗಿದ. ಸೊಟ್ಟ ಬೆರಳಿನದನ್ನು ಎತ್ತಿಕೊಂಡ. ಇನ್ನೊಂದನ್ನು ನೋಡಿ ಎತ್ತಲಿಲ್ಲ, ಕೈಗೆ ಸಿಕ್ಕಿದ್ದನ್ನು ಎತ್ತಿದ. “ದೊಡ್ಡ ಮನಸ್ಸು ಅಣ್ಣ ನಿನ್ನದು” ಎಂದ. ತನ್ನದೇ ಎರಡು ಮರಿಗಳನ್ನು ಉಡುಗೊರೆಯಾಗಿ ತೆಗೆದುಕೊಂಡು ಮನೆಗೆ ಹೋದ.

ಉಳಿದ ಏಳು ಬೇಲಿಯ ಉದ್ದಕ್ಕೂ ಓಡಾಡಿ ಕೂಗಿದವು. ಕಂಬಳಿಯವನಿಗೆ ಅದನ್ನು ಕೇಳಲಾಗಲಿಲ್ಲ. ಬೇಲಿಯ ಬುಡದಲ್ಲಿ ಎರಡು ಕಡ್ಡಿ ಮುರಿದು ಕಂಡಿ ಮಾಡಿಕೊಟ್ಟ. ಮರಿಗಳು ಹಗಲೆಲ್ಲ ಹಗ್ಗದವನ ಅಂಗಳದಲ್ಲಿದ್ದು ಸಂಜೆಗೆ ಕಂಬಳಿಯವನ ಬುಟ್ಟಿಗೆ ಹೋಗತೊಡಗಿದವು. ಮೊದಮೊದಲು ಕಂಬಳಿಯವನು ಹತ್ತು ಸಲ ಕರೆಯಬೇಕಿತ್ತು. ಆಮೇಲೆ ಐದು ಸಲ. ಒಂದು ದಿನ ಅವನು ಒಂದೇ ಸಲ ಕರೆದದ್ದಕ್ಕೆ ಏಳೂ ಓಡಿದವು. ಹಗ್ಗದವನ ಕಾಲ ಬುಡದಲ್ಲಿ ಕಾಳಿತ್ತು, ಅದನ್ನೂ ಬಿಟ್ಟು ಓಡಿದವು.

ಮರುದಿನ ಹಗ್ಗದವನು ಜಾಲಿಯ ಮುಳ್ಳು ಕಡಿದು ತಂದು ಆ ಕಂಡಿಯನ್ನು ತಾನೇ ಮುಚ್ಚಿದ.

ಮರಿಗಳು ಬೆಳೆದವು, ಮೊಟ್ಟೆ ಇಟ್ಟವು. ಬಿಳಿ ಕೋಳಿಯ ಮಕ್ಕಳು ಎಂಥ ಮೊಟ್ಟೆ ಇಟ್ಟಾವು? ಸಾಧಾರಣದವು. ಆದರೂ ಜನ, “ಹದಿನೈದೇ ದಿನಕ್ಕೆ ಬಂದ ಮರಿಗಳ ಮೊಟ್ಟೆ” ಎಂದು ಕಂಬಳಿಯವನ ಮನೆಗೆ ಬರುತ್ತಿದ್ದರು, ಟವೆಲಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದರು. ಅದೇ ತಳಿಯ ಎರಡು ಕೋಳಿಗಳು ಹಗ್ಗದವನ ಮನೆಯಲ್ಲೂ ಅಂಥದೇ ಮೊಟ್ಟೆ ಇಡುತ್ತಿದ್ದವು. ಅಲ್ಲಿಗೆ ಯಾರೂ ಕೇಳಿಕೊಂಡು ಬರಲಿಲ್ಲ. ಹಗ್ಗದವನು ಜಗಲಿಯಲ್ಲಿ ಕೂತು, ಹೊಸೆಯುತ್ತ, ಬೇಲಿಯ ಆಚೆ ಬರುವವರನ್ನೂ ಹೋಗುವವರನ್ನೂ ನೋಡುತ್ತಿದ್ದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಸಾಂಬಯ್ಯ ಕತೆ ಇನ್ನೂ ಇದೆ ಎಂದು ಕಾದ. ಇರಲಿಲ್ಲ. ಅವನಿಗೆ ತಡೆಯಲಾಗಲಿಲ್ಲ.

“ಹೇಳಿಬಿಡಬಹುದಿತ್ತಲ್ಲ ಗುರುಗಳೇ! ಅಂಗಳದಲ್ಲಿ ಕೇಳಿದಾಗಲೇ ನಿಜ ಹೇಳಿದ್ದರೆ ಆಗುತ್ತಿತ್ತು. ಕಂಬಳಿಯವನು ಎಂಥ ಒಳ್ಳೆಯ ಮನುಷ್ಯ! ಒಂದು ಮಾತೂ ಆಡದೆ ಕ್ಷಮಿಸಿ, ಒಂಬತ್ತನ್ನೂ ಅವನ ಕೈಗೇ ಕೊಟ್ಟುಬಿಡುತ್ತಿದ್ದ.”

“ಕ್ಷಮಿಸಿಬಿಡುತ್ತಾನೆ ಎಂದು ಅವನಿಗೂ ಗೊತ್ತಿತ್ತು” ಎಂದರು ಗುರುಗಳು, “ಅದಕ್ಕೇ ಹೇಳಲಿಲ್ಲ.”